ಮರುಭೂಮಿಯ ಮೇಲೆ ಹೊರಿಸಿದ ಧೂಳು

ಮರುಭೂಮಿಯೆಂದರೆ ಧೂಳು, ಧೂಳೆಂದರೆ ನಿಸರ್ಗದ ಲೀಲೆ, ಆದುದರಿಂದ ಅದಕ್ಕೆ ಯಾರೂ ಹೊಣೆಗಾರರಲ್ಲ. ಶುಷ್ಕ ಪ್ರದೇಶಗಳ ವಾಯುಮಾಲಿನ್ಯದ ಮಾತು ಬಂದಾಗಲೆಲ್ಲ ಈ ತರ್ಕ ತಪ್ಪದೆ ಹಾಜರಾಗುತ್ತದೆ. ಸಹಾರಾದ ಬೊಡೆಲೆ ತಗ್ಗಿನಂತೆ ಮನುಷ್ಯನ ಕೈವಾಡವಿಲ್ಲದೆಯೇ ಧೂಳೆಬ್ಬಿಸುವ ನೆಲಗಳು ಇವೆಯೆಂಬುದು ನಿಜ. ಆದರೆ ಯಾರೂ ಕೆದಕದ ಮರುಭೂಮಿ ಬಹುಮಟ್ಟಿಗೆ ತನ್ನ ಮಣ್ಣನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಹಾಸಿಕೊಂಡ ಸಣ್ಣ ಕಲ್ಲುಗಳ ಪದರ, ಪಾಚಿ ಮತ್ತು ಕಲ್ಲುಹೂಗಳು ಹೆಣೆದ ತೆಳು ಹೊದಿಕೆ, ಇವೇ ಅದರ ರಕ್ಷಣೆ. ಈ ಹೊದಿಕೆಯನ್ನು ಹರಿದವರು ಯಾರೆಂಬ ಪ್ರಶ್ನೆಯನ್ನು ಕೇಳದೆ ನಡೆಸುವ ವಾಯು ಗುಣಮಟ್ಟ ನಿರ್ವಹಣೆಯು ಬರಿಯ ಲೆಕ್ಕಪತ್ರದ ಕೆಲಸವಾಗುತ್ತದೆ.

ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಕಥೆ ಇದಕ್ಕೆ ಸಾಕ್ಷಿ. ಸಿಯೆರಾ ನೆವಾಡಾ ಪರ್ವತಶ್ರೇಣಿಯ ಮಳೆನೆರಳಿನಲ್ಲಿರುವ ಈ ಕಣಿವೆಯಲ್ಲಿ, ಹಿಮ ಕರಗಿ ಇಳಿದ ನೀರೆಲ್ಲ ಸುಮಾರು 280 ಚದರ ಕಿಲೋಮೀಟರ್ ವಿಸ್ತಾರದ ಓವೆನ್ಸ್ ಸರೋವರವನ್ನು ಸೇರುತ್ತಿತ್ತು. ಪೈಯೂಟ್ ಮೂಲನಿವಾಸಿಗಳು ಕಾಲುವೆ ತೋಡಿ ಇಲ್ಲಿ ನೀರುಣಿಸುತ್ತಿದ್ದರು; ಬಳಿಕ ಬಂದ ವಲಸಿಗ ರೈತರೂ ನದಿಯನ್ನು ಬಳಸಿಕೊಂಡರು. 1913ರಲ್ಲಿ ಸುಮಾರು 375 ಕಿಲೋಮೀಟರ್ ಉದ್ದದ ಮೇಲ್ಗಾಲುವೆ ಈ ನೀರನ್ನು ಲಾಸ್ ಏಂಜಲೀಸ್ ನಗರಕ್ಕೆ ಮುಟ್ಟಿಸಿತು. ಅದನ್ನು ಕಟ್ಟಿದ ಎಂಜಿನಿಯರ್ ವಿಲಿಯಂ ಮಲ್‌ಹಾಲೆಂಡ್, ಉದ್ಘಾಟನೆಯ ದಿನ ನೆರೆದ ಜನರಿಗೆ ಇಗೋ ನೀರು, ತೆಗೆದುಕೊಳ್ಳಿ ಎಂದಷ್ಟೇ ಹೇಳಿದನಂತೆ. ಜನ ತೆಗೆದುಕೊಂಡರು. 1920ರ ದಶಕದ ನಡುವೆಯೇ ಸರೋವರ ಬತ್ತಿತು.

ಬತ್ತಿದ ಸರೋವರದ ತಳ ಮಾಮೂಲಿ ಮಣ್ಣಲ್ಲ, ಅದು ಚೌಳು ನೆಲ. ಆಳದ ಉಪ್ಪುನೀರು ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ ಆವಿಯಾಗುತ್ತದೆ. ಸೋಡಿಯಂ ಲವಣಗಳು ಮೇಲುಳಿಯುತ್ತವೆ. ಚಳಿಗಾಲದ ತೇವದಲ್ಲಿ ಈ ಲವಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಹಿಟ್ಟಿನಂತೆ ಸಡಿಲಾಗುತ್ತವೆ. ಆಗ ಬೀಸುವ ಗಾಳಿಗೆ ಮರಳಿನ ಹರಳುಗಳು ನೆಲದ ಮೇಲೆ ಕುಪ್ಪಳಿಸುತ್ತ ಮೇಲ್ಪದರವನ್ನು ಒಡೆಯುತ್ತವೆ, ಅದರಡಿಯ ನುಣ್ಣನೆಯ ಪುಡಿ ಆಕಾಶಕ್ಕೇರುತ್ತದೆ. ಇದರಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂಗಳೂ ಇವೆ. ಹತ್ತು ಮೈಕ್ರಾನಿಗಿಂತ ಕಿರಿದಾದ ಕಣಗಳಿಗೆ ಅಮೆರಿಕ ವಿಧಿಸಿರುವ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 150 ಮೈಕ್ರೋಗ್ರಾಂ. ಓವೆನ್ಸ್ ದಡದಲ್ಲಿ ಇದರ ಹತ್ತಾರು ಪಟ್ಟು ದಾಖಲಾಗಿದೆ. ಇಡೀ ದೇಶದಲ್ಲಿ ಇಂತಹ ಧೂಳಿನ ಅತಿ ದೊಡ್ಡ ಏಕೈಕ ಮೂಲವೆಂಬ ಹೆಸರನ್ನು ಈ ಒಣತಳ ದಶಕಗಳ ಕಾಲ ಹೊತ್ತಿತ್ತು.

ಕಾನೂನು ಮಾಡಿದ್ದೇನು? 1983ರ ರಾಜ್ಯ ಶಾಸನವು ಧೂಳು ತಡೆಯುವ ವೆಚ್ಚವನ್ನು ನಗರವೇ ಭರಿಸಬೇಕೆಂದಿತು. ಅದೇ ಉಸಿರಿನಲ್ಲಿ, ಆ ಕ್ರಮಗಳು ನೀರು ಒಯ್ಯುವ ನಗರದ ಹಕ್ಕಿಗೆ ತೊಡಕಾಗಬಾರದೆಂದೂ ಹೇಳಿತು. ಗಾಯಕ್ಕೆ ಔಷಧ ಕೊಡಿ, ಚೂರಿಯನ್ನು ಮಾತ್ರ ಕೀಳಬೇಡಿ! ವಾದವಿವಾದಗಳ ಬಳಿಕ 1998ರಲ್ಲಿ ಒಪ್ಪಂದವಾಯಿತು. ಸರೋವರದ ತಳಕ್ಕೆ ಮತ್ತೆ ತೆಳುವಾಗಿ ನೀರು ಹಾಯಿಸಿದ್ದು 2001ರಲ್ಲಿ, ಅಂದರೆ 88 ವರ್ಷಗಳ ತರುವಾಯ, ಅದೂ ಅದೇ ಮೇಲ್ಗಾಲುವೆಯ ನೀರನ್ನು. ಉಳಿದೆಡೆ ಜಲ್ಲಿ ಹಾಸಲಾಯಿತು. ಹನಿ ನೀರಾವರಿಯಲ್ಲಿ ಚೌಳು ತಾಳಿಕೊಳ್ಳುವ ಹುಲ್ಲು ಬೆಳೆಸಲಾಯಿತು. ಸುಮಾರು 125 ಚದರ ಕಿಲೋಮೀಟರಿನ ಈ ದುರಸ್ತಿಗೆ ತಗುಲಿರುವ ವೆಚ್ಚ 200 ಕೋಟಿ ಡಾಲರಿಗೂ ಮಿಗಿಲು. ಧೂಳು ಬಹಳಷ್ಟು ತಗ್ಗಿದೆ, ನೀರುಹಕ್ಕಿಗಳು ಸಾವಿರಗಟ್ಟಲೆ ಮರಳಿವೆ. ನಿರ್ವಹಣೆಯೆಂಬುದು ಸಾಧ್ಯವಿಲ್ಲದ ಮಾತಲ್ಲ. ಮೂಲವನ್ನು ಹೆಸರಿಸಿದಾಗ ಅದು ಫಲಿಸುತ್ತದೆ.

ಹೆಸರಿಸದಿರಲು ದಾರಿಗಳೂ ಇವೆ. 2007ರಲ್ಲಿ ರೂಪುಗೊಂಡ ಅಮೆರಿಕದ ನಿಯಮವೊಂದರಂತೆ, ಬಿರುಗಾಳಿಯೇ ಮೊದಲಾದ ‘ಅಸಾಧಾರಣ ಘಟನೆ’ಗಳ ದಿನದ ಅಳತೆಯನ್ನು, ಕೆಲವು ಷರತ್ತುಗಳೊಡನೆ, ಲೆಕ್ಕದಿಂದ ಹೊರಗಿಡಬಹುದು. ಲೆಕ್ಕದಿಂದ ಹೊರಗಿಟ್ಟ ಧೂಳು ಮಗುವಿನ ಶ್ವಾಸಕೋಶದಿಂದ ಹೊರಗುಳಿಯುವುದಿಲ್ಲ. ಹತ್ತಿ ಬೆಳೆಯುವ ಹಟಕ್ಕೆ 1960ರ ದಶಕದಿಂದ ನದಿಗಳನ್ನು ತಿರುಗಿಸಿಕೊಂಡು ಅರಾಲ್ ಸಮುದ್ರವನ್ನು ಒಣಗಿಸಿದಲ್ಲಿ ಇಂದು ಏಳುತ್ತಿರುವ ಉಪ್ಪುಧೂಳನ್ನು ಯಾವ ನಿಸರ್ಗದ ಖಾತೆಗೆ ಬರೆಯುವುದು?

ಹರಿದುಹೋಗುವ ನೀರು ವ್ಯರ್ಥವೆಂಬ ಮಾತು ಮಲೆನಾಡಿಗೆ ಹೊಸದಲ್ಲ. ಶರಾವತಿಯ ಲಿಂಗನಮಕ್ಕಿ ಜಲಾಶಯದಿಂದ ಬೆಂಗಳೂರಿಗೆ ನೀರೊಯ್ಯುವ ಪ್ರಸ್ತಾಪದ ವಿರುದ್ಧ 2019ರಲ್ಲಿ ಇಲ್ಲಿನ ಜನ ಬೀದಿಗಿಳಿದಾಗಲೂ ಆ ಮಾತು ಕೇಳಿಬಂತು. ಓವೆನ್ಸ್ ನದಿಯ ನೀರಾದರೋ ಕಡಲನ್ನೂ ಸೇರುತ್ತಿರಲಿಲ್ಲ. ಸರೋವರದಲ್ಲಿ ನಿಂತು ಸುಮ್ಮನೆ ಆವಿಯಾಗುತ್ತಿತ್ತು, ಆವಿಯಾಗುವವರೆಗೆ ಆ ಚೌಳು ನೆಲವನ್ನು ಮುಚ್ಚಿಟ್ಟಿರುತ್ತಿತ್ತು. ಆ ಕೆಲಸಕ್ಕೆ 1913ರ ಅಂದಾಜುಪಟ್ಟಿಯಲ್ಲಿ ಬೆಲೆ ಕಟ್ಟಿರಲಿಲ್ಲ.