ಗುಳಿಗೆ ಕಡಿಮೆ ಮಾಡಿ ಎಂದಾಗ

‘ಒಂದ್ ಗುಳಿಗಿನೂ ತಪ್ಪಿಸಬ್ಯಾಡ್ರಿ ಅಂತ ನೀವಾ ಹೇಳಿದ್ರಿ ಸರ್. ಈಗ ನೀವಾ ಕಡಿಮಿ ಮಾಡ್ರಿ ಅಂತೀರಿ. ಹಂಗಾದ್ರ ಆವಾಗ ಹೇಳಿದ್ದು ಸುಳ್ಳೇನ್ರಿ?’

ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ರಾಯಚೂರು ಕಡೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಏಳು ತಿಂಗಳ ಹಿಂದೆ ತಮ್ಮ ಒಂದು ಕಿಡ್ನಿಯನ್ನು ಮಗನಿಗೆ ಕೊಟ್ಟವರು. ಡಾಕ್ಟರಿಗೂ ಅವರಿಗೂ ನಡುವೆ ಕೂತು ನಾನು ಮಾತು ದಾಟಿಸುತ್ತಿದ್ದೆ. ಆ ಪ್ರಶ್ನೆಗೆ ಉತ್ತರ ಆಪರೇಷನ್ ಆಗಿ ಮನೆಗೆ ಹೊರಟ ದಿನವೇ ಸಿಗಬೇಕಿತ್ತು ಎಂಬುದು ನನ್ನ ವಾದ.

ಮಗನ ರಕ್ತದಲ್ಲಿ ಸಿಕ್ಕಿದ್ದು ಬಿಕೆ ವೈರಸ್. ಪಾಲಿಯೋಮಾ ಎಂಬ ಗುಂಪಿಗೆ ಸೇರಿದ್ದು. ಪೋಲಿಯೊಗೂ ಇದಕ್ಕೂ ಸಂಬಂಧವಿಲ್ಲ. ಕಿಡ್ನಿ ಕಸಿಯಾಗಿ ಲಂಡನ್ನಿನಲ್ಲಿ ಚಿಕಿತ್ಸೆಯಲ್ಲಿದ್ದ ಸುಡಾನಿನ ರೋಗಿಯೊಬ್ಬರ ಮೂತ್ರದಲ್ಲಿ ಇದನ್ನು ಮೊದಲು ಗುರುತಿಸಿದ್ದು 1971ರಲ್ಲಿ ಪ್ರಕಟವಾಯಿತು. ಆ ರೋಗಿಯ ಹೆಸರಿನ ಮೊದಲಕ್ಷರಗಳೇ ವೈರಸ್ಸಿನ ಹೆಸರಾದವು. ದೊಡ್ಡವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಇದು ಚಿಕ್ಕಂದಿನಲ್ಲೇ ತಗುಲಿರುತ್ತದೆ. ಗೊತ್ತೂ ಆಗುವುದಿಲ್ಲ. ಆಮೇಲೆ ಕಿಡ್ನಿಯಲ್ಲಿ, ಮೂತ್ರದ ದಾರಿಯಲ್ಲಿ ಸುಮ್ಮನೆ ಮಲಗಿರುತ್ತದೆ.

ಏಳುವುದು ಕಸಿಯ ನಂತರ. ಹೊಸ ಕಿಡ್ನಿಯನ್ನು ಮೈ ಹೊರಗಿನದೆಂದು ತಿಳಿದು ಹೊಡೆಯಲು ಹೋಗುತ್ತದೆ. ಅದನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್‌ನಂಥ ಮಾತ್ರೆಗಳು ಮೈಯ ಕಾವಲುಗಾರನ ಕೈ ಕಟ್ಟುತ್ತವೆ. ಕಟ್ಟು ಬಿಗಿಯಾದಷ್ಟೂ ಒಳಗೆ ಮಲಗಿದ್ದ ಕಳ್ಳನಿಗೆ ಅನುಕೂಲ. ಕಸಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 10ರಿಂದ 20 ಮಂದಿಯ ರಕ್ತದಲ್ಲಿ ಈ ವೈರಸ್ ಕಾಣಿಸಿಕೊಳ್ಳುತ್ತದೆ. 1ರಿಂದ 10 ಮಂದಿಯಲ್ಲಿ ಕಿಡ್ನಿಯೇ ಕೆಡತೊಡಗುತ್ತದೆ. ಸಾಮಾನ್ಯವಾಗಿ ಜ್ವರ, ನೋವು ಏನೂ ಇರುವುದಿಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಒಳಗೆ ಹಾನಿ ಆಗಿಬಿಟ್ಟಿರುತ್ತದೆ.

ಇಲ್ಲೇ ಇಕ್ಕಟ್ಟು. ಮೈ ಕಿಡ್ನಿಯನ್ನು ತಿರಸ್ಕರಿಸಿದರೂ ಕ್ರಿಯಾಟಿನಿನ್ ಏರುತ್ತದೆ, ಈ ವೈರಸ್ ಎದ್ದರೂ ಏರುತ್ತದೆ. ಬಯಾಪ್ಸಿಯಲ್ಲೂ ಎರಡೂ ಒಂದೇ ಥರ ಕಾಣಬಹುದು. ಚಿಕಿತ್ಸೆ ಮಾತ್ರ ತದ್ವಿರುದ್ಧ: ತಿರಸ್ಕಾರಕ್ಕೆ ಕಟ್ಟು ಬಿಗಿ ಮಾಡಬೇಕು, ವೈರಸ್ಸಿಗೆ ಸಡಿಲಿಸಬೇಕು. ಬಿಕೆ ವೈರಸ್ಸನ್ನೇ ಕೊಲ್ಲುತ್ತದೆಂದು ಸಾಬೀತಾದ ಔಷಧಿ ಇನ್ನೂ ಇಲ್ಲ. ಮಾತ್ರೆಯ ಪ್ರಮಾಣ ಅಳೆದು ಇಳಿಸುವುದೇ ಮುಖ್ಯ ಚಿಕಿತ್ಸೆ. ಬೇಗ ಗೊತ್ತಾಗಲು ಇರುವ ದಾರಿ ರಕ್ತದ ಪಿಸಿಆರ್ ಪರೀಕ್ಷೆ. ಮೊದಲ 9 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 2 ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಮಾಡಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರ ಸಲಹೆ ಇದೆ.

ಆ ತಾಯಿಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ. ‘ಮಾತ್ರೆ ತಪ್ಪಿಸಿದರೆ ಕಿಡ್ನಿ ಹೋಗುತ್ತದೆ’ ಎಂಬ ಒಂದೇ ಮಾತನ್ನು ಅವರು ಮಂತ್ರದಂತೆ ಹಿಡಿದಿದ್ದರು. ಡಾಕ್ಟರು ಪ್ರಮಾಣ ಇಳಿಸಿ ಚೀಟಿ ಬರೆದುಕೊಟ್ಟರೂ, ಊರಿಗೆ ಹೋಗಿ ಎರಡು ವಾರ ಹಳೆಯ ಪ್ರಮಾಣವನ್ನೇ ಮಗನಿಗೆ ಕೊಟ್ಟರು. ಅದು ಹಟವಲ್ಲ, ಹೇಳಿದ ಮಾತಿಗೆ ನಿಷ್ಠೆ. ಮತ್ತೆ ಕರೆಸಿ ತಿಳಿಸಿ ಹೇಳಿದ ಮೇಲೆ ಒಪ್ಪಿದರು. ಮಗನ ಕ್ರಿಯಾಟಿನಿನ್ ಈಗ ನಿಂತಿದೆ, ಮೊದಲಿನಷ್ಟು ಕೆಳಗೆ ಇಳಿದಿಲ್ಲ.

‘ಮಾತ್ರೆ ಕಡಿಮೆ ಮಾಡಬೇಕಾಗಬಹುದು ಎಂದು ಮೊದಲೇ ಹೇಳಿದರೆ ಜನ ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ’ ಎಂಬುದು ಡಾಕ್ಟರುಗಳ ಅಂಜಿಕೆ. ಅದು ಸುಳ್ಳಲ್ಲ, ದುಬಾರಿ ಮಾತ್ರೆ ಅರ್ಧ ಮಾಡಿ ನುಂಗುವವರಿದ್ದಾರೆ. ಆದರೆ ಅರ್ಧ ಮಾತು ಹೇಳಿದ್ದರಿಂದ ಆದದ್ದನ್ನೂ ನೋಡಿದೆವಲ್ಲ. ಪೂರ್ತಿ ಮಾತು ಇಷ್ಟೇ: ‘ನೀವಾಗಿ ಒಂದು ಮಾತ್ರೆಯನ್ನೂ ಬಿಡಬೇಡಿ. ಪರೀಕ್ಷೆಯಲ್ಲಿ ವೈರಸ್ ಕಂಡರೆ ನಾವೇ ಕಡಿಮೆ ಮಾಡುತ್ತೇವೆ. ಆಗ ಹೆದರಬೇಡಿ.’ ಇದು ಅರ್ಥವಾಗದಷ್ಟು ದಡ್ಡರು ಯಾರೂ ಇಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲೇ ಇದೆ. ಕಲಬುರಗಿ, ರಾಯಚೂರಿನವರು ಹೈದರಾಬಾದಿಗೆ, ಬೆಳಗಾವಿ ಕಡೆಯವರು ಪುಣೆಗೆ ಚಿಕಿತ್ಸೆಗೆ ಹೋಗುತ್ತಾರೆ. ಕೈಗೆ ಸಿಗುವ ಕಾಗದ ಇಂಗ್ಲಿಷಿನದು. ಅದನ್ನು ‘ಪ್ರತಿರಕ್ಷಾ ನಿಗ್ರಹಕ ಔಷಧಿ’ ಎಂದು ಕನ್ನಡಕ್ಕೆ ತಂದರೂ ಉಪಯೋಗವಿಲ್ಲ. ‘ಹೊಸ ಕಿಡ್ನಿ ಉಳಿಸುವ ಮಾತ್ರೆ, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ’ ಎಂದರೆ ಸಾಕು. ಅದರ ಕೆಳಗೆ ಬಿಕೆ ಪರೀಕ್ಷೆಯ ತಾರೀಖುಗಳು. ಇಂಥ ಒಂದು ಹಾಳೆಯನ್ನು ರೋಗಿಯ ಭಾಷೆಯಲ್ಲಿ, ಮನೆಗೆ ಕಳಿಸುವ ದಿನವೇ ಓದಿ ಹೇಳಿ ಕೊಡಬೇಕು. ಕಸಿಗೆ ಆಗುವ ಖರ್ಚಿನ ಮುಂದೆ ಇದೇನೂ ಅಲ್ಲ.

ಕೊನೆಗೆ ಆ ತಾಯಿ ತಗ್ಗಿದ ದನಿಯಲ್ಲಿ ಇನ್ನೊಂದು ಕೇಳಿದರು: ‘ನನ್ನ ಕಿಡ್ನಿಯಿಂದಾನ ಬಂತೇನ್ರಿ ಇದು?’ ಬಹಳ ಸಲ ವೈರಸ್ ಬರುವುದು ದಾನಿಯ ಕಿಡ್ನಿಯ ಜೊತೆಗೇ. ಡಾಕ್ಟರು ಅದನ್ನು ಮುಚ್ಚಿಡಲಿಲ್ಲ. ‘ಇದ್ದಿರಬಹುದು ಅಮ್ಮ. ಯಾರ ಕಿಡ್ನಿ ಹಾಕಿದ್ದರೂ ಬಹುಶಃ ಇದ್ದೇ ಇರುತ್ತಿತ್ತು. ನಿಮ್ಮ ತಪ್ಪಲ್ಲ’ ಎಂದರು. ನಾನು ಅದನ್ನು ಎರಡು ಸಲ ಕನ್ನಡದಲ್ಲಿ ಹೇಳಿದೆ.

ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಕಿಡ್ನಿ ಹಾಕಿಸಿಕೊಂಡವರಿದ್ದರೆ ಒಂದು ಮಾತು ಕೇಳಿ: ಬಿಕೆ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು? ಗೊತ್ತಿಲ್ಲ ಎಂದರೆ, ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಕೇಳಲು ಹೇಳಿ.