ಹಚ್ಚೆಯ ಅರ್ಥ ಕೇಳುವವರು

ಕಳೆದ ತಿಂಗಳು ನಮ್ಮ ನಗರದ ಒಂದು ಸಾಹಿತ್ಯಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಮಾತನಾಡುತ್ತ ಹಚ್ಚೆಯ ವಿಷಯಕ್ಕೆ ಬಂದರು. ಅವರ ವಾದ ಇಷ್ಟೆ: ನಮ್ಮ ಅಜ್ಜಿಯರ ಮೈಮೇಲಿದ್ದ ಹಚ್ಚೆಗೆ ಸ್ವಂತದ್ದೆಂಬ ಅರ್ಥವಿರಲಿಲ್ಲ, ಅದು ಕುಲದ ಮುದ್ರೆ, ಗಂಡನ ಒಡೆತನದ ಗುರುತು, ಊರಿನವರೆಲ್ಲ ಹಾಕಿಸಿಕೊಂಡರೆಂದು ಹಾಕಿಸಿಕೊಂಡದ್ದು. ಇಂದಿನ ಯುವಜನರ ಟ್ಯಾಟೂ ಹಾಗಲ್ಲ. ಅದರ ಹಿಂದೆ ಒಬ್ಬೊಬ್ಬರ ಅಂತರಂಗದ ಕಥೆಯುಂಟು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತವನಿಗೆ ಬೇರೆ ಗತಿ ಏನಿದೆ? ಮನೆಗೆ ಬಂದು ಊಟಕ್ಕೆ ಕೈತೊಳೆಯುವಾಗ ಆ ಚಪ್ಪಾಳೆ ನನ್ನನ್ನು ಚುಚ್ಚತೊಡಗಿತು. ಅದಕ್ಕಾಗಿ ಈ ನಾಲ್ಕು ಮಾತು.

ಕನ್ನಡ ಪಾಠ ಹೇಳುವವನಾದ್ದರಿಂದ ಮೊದಲು ಹೆಸರಿನ ವಿಚಾರ. ಟ್ಯಾಟೂ ಎಂಬುದು ದಕ್ಷಿಣ ಸಮುದ್ರದ ದ್ವೀಪವಾಸಿಗಳ ಮಾತು; 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ತಹೀತಿಗೆ ಹೋದ ಮೇಲೆ ಇಂಗ್ಲಿಷಿಗೆ ಸೇರಿತು. ನಮ್ಮ ಹಚ್ಚೆ ‘ಪಚ್ಚೆ’ಯಿಂದ ಬಂದದ್ದು, ಪಕಾರ ಹಕಾರವಾಯಿತು, ಪಾಲು ಹಾಲಾದಂತೆ. ತಮಿಳರು ಇಂದಿಗೂ ಪಚ್ಚೈ ಎಂದೇ ಅನ್ನುತ್ತಾರೆ. ಚುಚ್ಚುವಾಕೆ ತುಂಬುವುದು ದೀಪದ ಮಸಿ. ನೋಡುವವನಿಗೆ ಕಾಣುವುದು ಹಸಿರು. ನಡುವೆ ಇರುವ ಚರ್ಮ ಬಣ್ಣವನ್ನು ಬದಲಿಸುತ್ತದೆ. ಇನ್ನೂ ಒಂದು ಸ್ವಾರಸ್ಯವನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಹಚ್ಚೆಯ ಕಣಗಳನ್ನು ಚರ್ಮದೊಳಗಿನ ಒಂದು ಬಗೆಯ ಜೀವಕೋಶಗಳು ನುಂಗಿ ಹಿಡಿದಿರುತ್ತವೆಯಂತೆ. ಆ ಕೋಶ ಸತ್ತಾಗ ಕಣಗಳು ಹೊರಬೀಳುತ್ತವೆ; ಹೊಸ ಕೋಶ ಬಂದು ಅವನ್ನೇ ಮತ್ತೆ ನುಂಗುತ್ತದೆ. ಅಂದರೆ ಹಚ್ಚೆ ಒಂದು ದಿನ ಚುಚ್ಚಿ ಮುಗಿದ ಕೆಲಸವಲ್ಲ. ಮೈ ಅದನ್ನು ಮತ್ತೆ ಮತ್ತೆ ತನ್ನದಾಗಿ ಮಾಡಿಕೊಳ್ಳುತ್ತದೆ. ಭಾಷಣ ಮಾಡಿದ ವಿದ್ವಾಂಸರು ಮರೆತದ್ದು ಇದನ್ನೇ. ಸೂಜಿ ತಾಕಿದ ದಿನವೇ ಅರ್ಥ ನಿಂತುಹೋಯಿತೆಂದು ಅವರ ನಂಬಿಕೆ.

ಈಗಿನ ಹುಡುಗರಿಗೆ ತಿಳಿಯದಿದ್ದರೆ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಹಚ್ಚೆ ಹುಯ್ಯುತ್ತಿದ್ದವರು ಕೊರವಂಜಿಯರು, ಕಿಳ್ಳೇಕ್ಯಾತರ ಹೆಂಗಸರು. ಮೂರು ನಾಲ್ಕು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ಮಸಿಗೆ ಸೊಪ್ಪಿನ ರಸ ಬೆರೆಸಿ, ನೋವು ಮರೆಸಲು ಹಾಡು ಹೇಳುತ್ತ ಚುಚ್ಚುತ್ತಿದ್ದರು. ಕೂಲಿಗೆ ಒಂದಿಷ್ಟು ರಾಗಿ, ಒಂದು ಹಳೆಯ ಸೀರೆ. ಅವರ ಸೂಜಿಯಿಂದ ಮೂಡುತ್ತಿದ್ದದ್ದು ತೊಟ್ಟಿಲು, ತುಳಸಿಕಟ್ಟೆ, ಚೇಳು, ಬಳ್ಳಿ. ವಿಚಿತ್ರವೆಂದರೆ, ಊರೂರಿನ ಹೆಣ್ಣುಮಕ್ಕಳ ಮೈಮೇಲೆ ಮಂಗಳದ ಗುರುತು ಬರೆದ ಕೊರವರನ್ನು ಸರ್ಕಾರ 1911ರ ಕಾಯಿದೆಯ ನಂತರ ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಾ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಮಸಿಯಿಲ್ಲದೆ, ಸೂಜಿಯಿಲ್ಲದೆ ಹುಯ್ದ ಆ ಹಚ್ಚೆ ಇನ್ನೂ ಪೂರ್ತಿ ಅಳಿಸಿದೆಯೆ?

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಜಾತಿ ನಾನಲ್ಲ. ಎಂಟು ವರ್ಷದ ಹುಡುಗಿಯನ್ನು ಇಬ್ಬರು ಹೆಂಗಸರು ಒತ್ತಿ ಹಿಡಿದು ಚುಚ್ಚಿಸಿದ್ದರಲ್ಲಿ ಆ ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ವಿದ್ವಾಂಸರ ಈ ಮಾತು ನಿಜ. ಒತ್ತಾಯದ ಹಚ್ಚೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಂಪನಿ ಸರ್ಕಾರ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಗೆ ಹಚ್ಚೆ ಹುಯ್ಯಿಸುತ್ತಿತ್ತು. ಅದು ನಿಂತದ್ದು 1849ರಲ್ಲಿ. ಕಾಗದದ ಮೇಲೆ ನಿಂತಿತೆನ್ನಬೇಕು. 1993ರಲ್ಲಿ ಅಮೃತಸರದಲ್ಲಿ ಪೊಲೀಸರು ನಾಲ್ವರು ಹೆಂಗಸರ ಹಣೆಯ ಮೇಲೆ ಜೇಬುಗಳ್ಳಿ ಎಂಬರ್ಥದ ಮಾತನ್ನು ಚುಚ್ಚಿಸಿದರು. ತಪ್ಪಿತಸ್ಥರಿಗೆ ಶಿಕ್ಷೆಯಾದದ್ದು 2016ರಲ್ಲಿ. 

ಆದರೆ ಒತ್ತಾಯದಿಂದ ಬಂದ ಗುರುತಿನ ಅರ್ಥವನ್ನೂ ಒತ್ತಾಯ ಮಾಡಿದವನೇ ಕೊನೆಯವರೆಗೆ ನಿರ್ಧರಿಸುತ್ತಾನೆಂದು ಹೇಳಲು ನಾನು ಸಿದ್ಧನಿಲ್ಲ. ಇಟಲಿಯ ಲೇಖಕ ಪ್ರೀಮೊ ಲೆವಿಯ ಎಡಗೈ ಮೇಲೆ 1944ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ 174517 ಎಂಬ ಸಂಖ್ಯೆಯನ್ನು ಚುಚ್ಚಿದರು. ಮನುಷ್ಯನ ಹೆಸರು ಕಿತ್ತುಕೊಂಡು ದನಕ್ಕೆ ಹಾಕುವಂತೆ ಹಾಕಿದ ಸಂಖ್ಯೆ ಅದು. ಬಿಡುಗಡೆಯಾದ ಮೇಲೆ ಆತ ಅದನ್ನು ಅಳಿಸಿಕೊಳ್ಳಲಿಲ್ಲ. 1987ರಲ್ಲಿ ತೀರಿಕೊಂಡ ಆತನ ಸಮಾಧಿಕಲ್ಲಿನ ಮೇಲೂ ಹೆಸರಿನೊಡನೆ ಅದೇ ಸಂಖ್ಯೆಯಿದೆ. ಚುಚ್ಚಿದವನ ಅರ್ಥ ಒಂದು, ಹೊತ್ತವನ ಅರ್ಥ ಇನ್ನೊಂದು. ಲೆವಿ ಓದುಬರಹ ಬಲ್ಲವನು, ಅದನ್ನು ಬರೆದಿಟ್ಟ. ನಮ್ಮ ಅಜ್ಜಿಯರು ಬರೆದಿಡಲಿಲ್ಲ. ಅಷ್ಟರಿಂದಲೇ ಅವರಿಗೆ ಅಂತರಂಗವಿರಲಿಲ್ಲವೆಂದು ತೀರ್ಪು ಕೊಟ್ಟರೆ ಹೇಗೆ?

ಸ್ವಂತ ಅರ್ಥದ ಹೆಸರು ಹೇಳಿ ಈಗಿನ ಹುಡುಗರಿಗೂ ನಾವು ಉಪಕಾರ ಮಾಡುತ್ತಿಲ್ಲ. ನಮ್ಮ ಕಾಲೇಜಿನ ಹುಡುಗನೊಬ್ಬ ಮುಂಗೈಯಲ್ಲಿ ‘ಅಮ್ಮ’ ಎಂದು ಬರೆಸಿಕೊಂಡು ಬಂದ. ಅಧ್ಯಾಪಕರ ಕೊಠಡಿಯಲ್ಲಿ ನಾವು ನಾಲ್ಕು ಮಂದಿ ಕಾಫಿ ಕುಡಿಯುತ್ತ, ‘ಏನಪ್ಪಾ ಇದರ ವಿಶೇಷ?’ ಎಂದು ಕೇಳಿದೆವು. ಆ ಹುಡುಗ ತನ್ನ ತಾಯಿ ಸತ್ತ ಕಥೆಯನ್ನು ನಮಗೆಲ್ಲ ನಿಂತುಕೊಂಡೇ ಹೇಳಬೇಕಾಯಿತು. ನಮ್ಮ ಕಾಫಿ ಆರಿತು, ಬೇರೇನೂ ಆಗಲಿಲ್ಲ. ಇನ್ನೊಬ್ಬ ಹುಡುಗಿಯ ಮಣಿಕಟ್ಟಿನ ಮೇಲೆ ಚಿಟ್ಟೆ. ಅವಳನ್ನು ಕೇಳಿದರೆ, ‘ಚೆನ್ನಾಗಿತ್ತು ಸಾರ್, ಹಾಕಿಸಿಕೊಂಡೆ’ ಅಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ತಾಯಿ ಸತ್ತಿದ್ದರೆ ಮಾತ್ರ ಹಚ್ಚೆಗೆ ರಹದಾರಿ!

ಸರ್ಕಾರದ ರೀತಿ ನಮಗಿಂತ ಸ್ಪಷ್ಟ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ 2015ರ ವೈದ್ಯಕೀಯ ನಿಯಮದಲ್ಲಿ ದೇವರ ಚಿಹ್ನೆಗೂ ಹೆಸರಿಗೂ ಅವಕಾಶವುಂಟು. ಆದರೆ ಮುಂಗೈಯ ಒಳಬದಿಯಲ್ಲಿದ್ದರೆ ಅದು ಎಡಗೈಯೇ ಆಗಿರಬೇಕು, ಏಕೆಂದರೆ ಅದು ಸೆಲ್ಯೂಟ್ ಹೊಡೆಯುವ ಕೈಯಲ್ಲ. ಅಳತೆಯೂ ಆ ಅಂಗದ ಕಾಲುಭಾಗವನ್ನು ಮೀರಬಾರದು. ಟೇಪು ಹಿಡಿದು ಅಳೆಯುವ ಈ ವೈದ್ಯರ ಮೇಲೆ ನನಗೆ ಕೋಪವಿಲ್ಲ. ಅವರು ಚರ್ಮ ಅಳೆದು ಸುಮ್ಮನಾಗುತ್ತಾರೆ; ಅಧ್ಯಾಪಕರು ಒಳಗಿನದನ್ನೂ ಅಳೆಯಹೊರಡುತ್ತಾರೆ.

ಅಧ್ಯಾಪಕರನ್ನು ಬೈಯುವಾಗ ನಾನು ಮೊದಲು ಬೈಯಬೇಕಾದ್ದು ನನ್ನನ್ನೇ. 2004ರಲ್ಲಿ ಎಂ.ಎ. ಓದುವಾಗ ಜಾನಪದ ಪತ್ರಿಕೆಗೆಂದು ಒಂದು ಪ್ರಬಂಧ ಸಿದ್ಧಪಡಿಸಬೇಕಿತ್ತು. ಊರಿಗೆ ಹೋಗಿ ಅಜ್ಜಿಯ ಎದುರಿಗೆ ನೋಟುಪುಸ್ತಕ ಬಿಡಿಸಿ ಕೂತೆ. ‘ಈ ತೊಟ್ಟಿಲಿನ ಅರ್ಥವೇನು?’ ಅಜ್ಜಿ, ‘ಚಂದಕ್ಕೆ ಕಣಪ್ಪ’ ಅಂದಳು. ‘ಈ ಚೇಳಿನದು?’ ‘ಅದೂ ಚಂದಕ್ಕೇ. ಇನ್ಯಾತಕ್ಕೆ?’ ನನಗೆ ಬಹಳ ನಿರಾಶೆಯಾಯಿತು. ತೊಟ್ಟಿಲು ಸಂತಾನದ ಸಂಕೇತ, ಚೇಳು ವಿಷನಿವಾರಣೆಯ ಸಂಕೇತ ಎಂದು ನಾನೇ ಬರೆದುಕೊಂಡೆ. ಒಳ್ಳೆಯ ಅಂಕ ಬಂದಿತು. ಆ ಚಿಟ್ಟೆಯ ಹುಡುಗಿ ಹೇಳಿದ ಉತ್ತರವನ್ನೇ ಅಜ್ಜಿಯೂ ಹೇಳಿದ್ದಳೆಂಬುದು ಹೊಳೆದದ್ದು ಗೋಷ್ಠಿಯಿಂದ ಬಂದ ರಾತ್ರಿ.

ಇನ್ನು ಗಂಡನ ಒಡೆತನದ ಗುರುತಿನ ಮಾತು. ಅಜ್ಜಿಯ ಬಲತೋಳಿನಲ್ಲಿ ತಾತನ ಹೆಸರಿತ್ತು. ಯಾರೋ ಸ್ಲೇಟಿನಲ್ಲಿ ಬರೆದುಕೊಟ್ಟದ್ದನ್ನು ಹಚ್ಚೆಯವಳು ನೋಡಿ ಚುಚ್ಚಿದ್ದಳು. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಗಂಡನ ಹೆಸರು ಬಾಯಲ್ಲಿ ಹೇಳುವ ವಾಡಿಕೆ ಇರಲಿಲ್ಲವಷ್ಟೆ. ಪಡಿತರ ಚೀಟಿಗೆ ಬರೆದುಕೊಳ್ಳಲು ಬಂದ ಗುಮಾಸ್ತ, ‘ಯಜಮಾನರ ಹೆಸರು?’ ಎಂದು ಕೇಳಿದ. ಅಜ್ಜಿ ಮಾತಾಡದೆ ತೋಳು ಮುಂದೆ ಮಾಡಿದಳು. ಆತ ನೋಡಿಕೊಂಡು ಇದ್ದದ್ದನ್ನು ಇದ್ದಂತೆ ಬರೆದ. ಒತ್ತಿಲ್ಲದ ಹೆಸರೇ ಸರ್ಕಾರಿ ಹೆಸರಾಯಿತು. ತಾತ ಸಾಯುವವರೆಗೂ ಗೊಣಗಿದ. ಅಜ್ಜಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಅಲ್ಲಿ ಯಾರು ಯಾರ ಒಡೆಯರೆಂದು ವಿದ್ವಾಂಸರೇ ಹೇಳಲಿ.

2008ರಲ್ಲಿ ನನ್ನ ಮದುವೆ. ಹುಡುಗಿಯ ಕಡೆಯವರು ಪಟ್ಟಣದವರು, ಓದಿದ ಮನೆತನ. ಮದುವೆಯ ಹಿಂದಿನ ದಿನ ಅಜ್ಜಿಗೆ ಹೊಸ ರವಿಕೆ ಕೊಟ್ಟು, ‘ನಾಳೆ ಇದನ್ನೇ ಹಾಕಿಕೊ’ ಎಂದೆ. ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ. ಜಾನಪದದಲ್ಲಿ ಪ್ರಥಮ ದರ್ಜೆ ಪಡೆದವನು ನಾನು. ಮೇ ತಿಂಗಳ ಸೆಕೆ, ಛತ್ರದಲ್ಲಿ ಕಾಲಿಡಲು ಜಾಗವಿಲ್ಲ. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಬೆವೆಯುತ್ತ ಕೂತಿದ್ದಳು. ಒಂದು ಸಲವೂ ತೋಳು ಮಡಚಲಿಲ್ಲ. ಏಕೆ ಎಂದೂ ಕೇಳಲಿಲ್ಲ. ಕೇಳದಿದ್ದರೂ ಅವಳಿಗೆ ತಿಳಿದಿತ್ತೆಂದು ನನಗೆ ಗೊತ್ತು.

2011ರಲ್ಲಿ, ಕೊನೆಯ ದಿನಗಳಲ್ಲಿ, ಅಜ್ಜಿ ನಮ್ಮ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಅವಳ ಉಗುರು ಕತ್ತರಿಸುತ್ತಿದ್ದೆ. ಅರ್ಥ ಕೇಳುವ ಹುಚ್ಚು ಅಷ್ಟರಲ್ಲಿ ಬಿಟ್ಟಿತ್ತು. ಅವಳು ತಾನಾಗಿಯೇ ಎಡಗೈ ಮಣಿಕಟ್ಟಿನ ಕೆಳಗಿದ್ದ ಒಂದು ಬೊಟ್ಟಿನ ಮೇಲೆ ಹೆಬ್ಬೆರಳಿಟ್ಟಳು. ತೊಟ್ಟಿಲಿಗೂ ಸೇರದ, ಬಳ್ಳಿಗೂ ಸೇರದ ಒಂಟಿ ಬೊಟ್ಟು. 2004ರಲ್ಲಿ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

‘ಇದು ತಂಗಿದು’ ಅಂದಳು.

ಜಾತ್ರೆಯಲ್ಲಿ ಅವಳಿಗೆ ಹಚ್ಚೆ ಹುಯ್ಯಿಸಿದಾಗ ಆರು ವರ್ಷದ ತಂಗಿ ತನಗೂ ಬೇಕೆಂದು ಅತ್ತಿತಂತೆ. ಕೊಡಲು ರಾಗಿ ಇರಲಿಲ್ಲ. ಹಚ್ಚೆಯವಳು ಕೂಲಿಯಿಲ್ಲದೆ ಇಬ್ಬರಿಗೂ ಒಂದೊಂದು ಬೊಟ್ಟು ಇಟ್ಟಳು, ಒಂದೇ ಜಾಗದಲ್ಲಿ. ಆ ವರ್ಷವೇ ಚಳಿಜ್ವರ ಬಂದು ತಂಗಿ ಹೋಯಿತು. ಅದಕ್ಕೆ ಒಂದು ಪಟವಿಲ್ಲ, ಹೆಸರು ಬರೆದ ಕಾಗದವಿಲ್ಲ.

ನಾನು ಕತ್ತರಿ ಹಿಡಿದು ಸುಮ್ಮನೆ ಕೂತಿದ್ದೆ. ‘ಇನ್ನೂ ಎರಡು ಬೆರಳು ಉಳಿದವೆ, ಬಿರ್ರನೆ ಮುಗಿಸು, ನಿದ್ದೆ ಬರ್ತಾ ಅದೆ’ ಎಂದು ಅಜ್ಜಿ ಕೈಯನ್ನು ನನ್ನ ತೊಡೆಯ ಮೇಲಿಟ್ಟಳು.