ತಲೆಯ ಪೆಟ್ಟನ್ನು ಕೇಳಿದವರಾರು?

ಮಂಗಳವಾರ, ಶುಕ್ರವಾರಗಳಂದು ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ನೆರೆಯುವ ಜನಸಂದಣಿಯಲ್ಲಿ ಮನಸ್ಸು ಕದಡಿದ ಮಗನನ್ನೋ ಗಂಡನನ್ನೋ ಕರೆತಂದವರೂ ಇರುತ್ತಾರೆ. ಅವರನ್ನು ಮೂಢರೆಂದು ಜರೆಯುವ ಹಕ್ಕು ನಮಗಿಲ್ಲ. ಬಿಡುಗಡೆಯ ಪ್ರಾರ್ಥನೆಗೆಂದು ಧ್ಯಾನಕೂಟದಿಂದ ಧ್ಯಾನಕೂಟಕ್ಕೆ ಅಲೆಯುವ ನಮ್ಮ ಕುಟುಂಬಗಳೇನು ಕಡಿಮೆಯೇ? ಎರಡೂ ಕಡೆ ಯಾರೂ ಕೇಳದೆ ಬಿಡುವ ಪ್ರಶ್ನೆ ಒಂದೇ: ಈತನ ತಲೆಗೆ ಎಂದಾದರೂ ಪೆಟ್ಟು ಬಿದ್ದಿತ್ತೇ?

ಹೊಸಪೇಟೆಯಿಂದ ಕೊಪ್ಪಳಕ್ಕೆ ಸಾಗುವ ಹೆದ್ದಾರಿ ಹುಲಿಗಿಗೆ ದೂರವೇನಲ್ಲ. ಅಂಥ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ತರುಣ ಬದುಕಿ ಮನೆಗೆ ಮರಳುತ್ತಾನೆ. ಹೊಲಿಗೆ ಒಣಗುತ್ತದೆ. ಆದರೆ ಮಾತಿಗೆ ಮುಂಚೆ ಕೈಯೆತ್ತುತ್ತಾನೆ. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನಕ್ಕೆ ಮರೆಯುತ್ತಾನೆ. ಹಣೆಯ ಹಿಂಬದಿಯ ಮೆದುಳು ಸಿಟ್ಟಿಗೂ ಆತುರಕ್ಕೂ ಕಡಿವಾಣವಿದ್ದಂತೆ; ಅದಕ್ಕೆ ಏಟಾದರೆ ಕಡಿವಾಣ ಸಡಿಲಗೊಳ್ಳುತ್ತದೆ. ನಾವದನ್ನು ಸೊಕ್ಕು ಎನ್ನುತ್ತೇವೆ. ಒಂದು ದಿನ ನೆರೆಯವನ ಮೇಲೆ ಕೈಮಾಡುತ್ತಾನೆ. ಅಲ್ಲಿಂದ ಪೊಲೀಸು, ನ್ಯಾಯಾಲಯ, ಕೆಲವೊಮ್ಮೆ ಬೀಗ ಜಡಿದ ಮನೋರೋಗ ವಾರ್ಡು.

ಬೀಗದೊಳಗೆ ಹೋದವನಿಗೆ ‘ಹುಚ್ಚ’ ಎಂಬ ಒಂದೇ ಹೆಸರು. ಹಲವು ದೇಶಗಳ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ಕೈದಿಗಳು ಹಿಂದೆ ತಲೆಗೆ ಪೆಟ್ಟು ತಿಂದವರೆಂದು ಕಂಡುಬಂದಿದೆ. ಕಾವಲಿನ ಮನೋರೋಗ ಆಸ್ಪತ್ರೆಗಳಲ್ಲಿಯೂ ಇಂಥವರು ಕಡಿಮೆಯಿಲ್ಲ. ನೆನಪು ಕೆಟ್ಟವನು ವಾರ್ಡಿನ ನಿಯಮ ಮರೆತರೆ ಅದು ಅವಿಧೇಯತೆ ಎನಿಸುತ್ತದೆ. ಮಂಪರಿನ ಔಷಧ ಕೊಟ್ಟಾಗ ತೆಪ್ಪಗಾದರೆ ಗುಣವಾದನೆಂಬ ಭ್ರಮೆ! ಅವನಿಗೆ ಬೇಕಾದದ್ದು ಮರಳಿ ಕಲಿಸುವ ತಾಳ್ಮೆ, ಬರೆದಿಟ್ಟ ದಿನಚರಿ, ಒಂದು ಸಲಕ್ಕೆ ಒಂದೇ ಸೂಚನೆ.

“ಅಪರಾಧಕ್ಕೆ ನೆಪ ಹುಡುಕುತ್ತೀರಾ, ಫಾದರ್?” ಎನ್ನುವವರಿದ್ದಾರೆ. ಹೊಡೆಸಿಕೊಂಡವನ ನೋವು ದೊಡ್ಡದೇ. ಪೆಟ್ಟು ಬಿದ್ದವರೆಲ್ಲ ಕೈಮಾಡುವುದೂ ಇಲ್ಲ. ಆದರೆ ಕಾರಣ ತಿಳಿಯದೆ ಕೂಡಿಹಾಕಿದವನು ಹೊರಬಂದ ಮೇಲೆ ಮತ್ತೆ ಹೊಡೆದರೆ ಯಾರಿಗೆ ನ್ಯಾಯ ಸಂದಿತು?

2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮನೋರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಸರಪಳಿಯನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ಪ್ರತಿಯೊಬ್ಬ ರೋಗಿಯ ದಾಖಲೆಯಲ್ಲಿ ತಲೆಯ ಪೆಟ್ಟಿನ ವಿವರ ಇರಲೇಬೇಕೆಂದು ಸರ್ಕಾರವು ಆಸ್ಪತ್ರೆಗಳಿಗೂ ಕಾರಾಗೃಹಗಳಿಗೂ ಕಟ್ಟಪ್ಪಣೆ ಮಾಡಲಿ. ನರಶಸ್ತ್ರಚಿಕಿತ್ಸೆಯನ್ನೂ ಮನೋವೈದ್ಯವನ್ನೂ ಒಂದೇ ಆವರಣದಲ್ಲಿ ನಡೆಸುವ ನಿಮ್ಹಾನ್ಸ್ ಸಂಸ್ಥೆ 1974ರಿಂದ ಬೆಂಗಳೂರಿನಲ್ಲೇ ಇರುವಾಗ, ಇದು ತಿಳಿಯದ ವಿದ್ಯೆಯೆಂದು ಕರ್ನಾಟಕ ಹೇಳುವಂತಿಲ್ಲ.

ಧರ್ಮಕೇಂದ್ರದ ಕುಟುಂಬಗಳಿಗೂ ಒಂದು ಮಾತು. ಟ್ರಂಕಿನಲ್ಲಿಟ್ಟ ಹಳೆಯ ಆಸ್ಪತ್ರೆ ಚೀಟಿ, ಸ್ಕ್ಯಾನ್ ಫಿಲ್ಮ್‌ಗಳನ್ನು ಎಸೆಯಬೇಡಿ. ಧಾರವಾಡದ ಡಿಮ್ಹಾನ್ಸ್‌ಗೆ ಹೋಗುವಾಗ ಜೊತೆಗೆ ಒಯ್ಯಿರಿ. ಚೀಟಿ ಇಲ್ಲದಿದ್ದರೆ ಎಂದು ಬಿದ್ದ, ಎಷ್ಟು ಹೊತ್ತು ಎಚ್ಚರ ತಪ್ಪಿದ್ದ, ಯಾವ ತಿಂಗಳಿಂದ ಸ್ವಭಾವ ಬದಲಾಯಿತು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಬರೆಸಿ.